ಹುಳು ಮೇಯುವ ಸದ್ದು

"ಅಲ್ಲಿ ನಿಲ್ಲಿಸು," ಅಂದೆ.

ಶೈಸ್ತಾ ಫೋನಿನ ಮೇಲೆ ಬೆರಳೊತ್ತಿದಳು. ಅವಳು ರೆಕಾರ್ಡು ಮಾಡಿಟ್ಟುಕೊಂಡಿದ್ದ ವಿಡಿಯೊ ಕರೆ ನಿಂತಿತು. ಅದರಲ್ಲಿದ್ದದ್ದು ನಾವು ಕೂತಿದ್ದ ಇದೇ ಹಜಾರ, ಇದೇ ಕಿಟಕಿ, ಕಿಟಕಿಯಾಚೆ ಇದೇ ಸ್ಕಂದಗಿರಿ ಬೆಟ್ಟ. ಈಗ ಬರೀ ಮೊಳೆ ಉಳಿದಿರುವ ಜಾಗದಲ್ಲಿ ಆಗ ವೆಂಕಟರಮಣನ ಪಟ ಇತ್ತು. ಪಟದ ಕೆಳಗೆ ಒಂದು ಕಟ್ಟು ಊದುಬತ್ತಿ ಉರಿಯುತ್ತಿತ್ತು.

"ದೇವರ ಫೋಟೋ ಅಲ್ವಾ ಭಾನಕ್ಕ? ಅದರಲ್ಲೇನಿದೆ?"

"ಫೋಟೋ ಬಿಡು. ಹೊಗೆ ನೋಡು. ಎಲ್ಲಿಗೆ ಹೋಗ್ತಿದೆ?"

ಹೊಗೆ ನೇರವಾಗಿ ಹಿಂದಿನ ಕೋಣೆಯ ಬಾಗಿಲ ಕಡೆಗೆ ಹೋಗುತ್ತಿತ್ತು. ಆ ಬಾಗಿಲು ಮುಚ್ಚಿತ್ತು. ಶೈಸ್ತಾಳ ನಿದ್ದೆ ಕೆಡಿಸಿದ್ದು ಅದೇ ಬಾಗಿಲು. ಕುವೈತಿನಲ್ಲಿ ಕೂತು ಫೋನಿನಲ್ಲೇ ನೋಡಿ ಕೊಂಡ ಮನೆಗೆ ಹೋದ ತಿಂಗಳು ಬಂದು ಬೀಗ ತೆಗೆದಾಗ, ಆ ಬಾಗಿಲಿನ ಒಳಮೈ ತುಂಬ ಗೀರುಗಳಿದ್ದವು. ಸಂದಿನಲ್ಲಿ ಒಂದು ಹಸಿರು ಗಾಜಿನ ಬಳೆಚೂರು ಸಿಕ್ಕಿತ್ತು. ಮನೆ ಮಾರಿದ ಮೋಹನ್‌ಬಾಬು ಅದನ್ನು ನಾಯಿ ಕೆರೆದದ್ದು ಅಂದಿದ್ದ. ಬಳೆ ತೊಟ್ಟ ನಾಯಿಯನ್ನು ನಾನು ಇನ್ನೂ ನೋಡಿಲ್ಲ.

ನನ್ನ ಕಸುಬು ದೊಡ್ಡದೇನಲ್ಲ. ಚಿಂತಾಮಣಿಯಲ್ಲಿ ಖಾಸಗಿ ಪತ್ತೇದಾರಿ ಅಂತ ಬೋರ್ಡು ಹಾಕಿಕೊಂಡಿದ್ದೇನೆ. ಮದುವೆಗೆ ಮುಂಚೆ ಗಂಡಿನ ಮನೆಯ ಬಗ್ಗೆ ವಿಚಾರಿಸಿ ಹೇಳುತ್ತೇನೆ. ಗಂಡು ಕುಡಿಯುತ್ತಾನೋ, ಮೊದಲೇ ಒಂದು ಸಂಸಾರ ಇದೆಯೋ, ಇಂಥದ್ದೇ. ಜನ ಅಳಿಯನನ್ನು ಹತ್ತು ಕಡೆ ವಿಚಾರಿಸಿ ತರುತ್ತಾರೆ. ಜೀವಮಾನದ ದುಡಿಮೆ ಸುರಿದು ಕೊಳ್ಳುವ ಮನೆಯನ್ನು ಮಾತ್ರ ಅಂಗೈಯಗಲದ ಗಾಜಿನಲ್ಲಿ ನೋಡಿ ಸೈ ಅಂದುಬಿಡುತ್ತಾರೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದವರಿಗೆ ಫೋನಿನಲ್ಲಿ ಮನೆ ಕೊಳ್ಳುವವರು ಹುಟ್ಟುತ್ತಾರೆ ಅಂತ ಗೊತ್ತಿರಲಿಲ್ಲ.

"ಮುಂದಕ್ಕೆ ಬಿಡು. ದನಿ ಜೋರು ಮಾಡು."

ವಿಡಿಯೊದಲ್ಲಿ ಮೋಹನ್‌ಬಾಬುವಿನ ಮಾತು ಕೇಳಿಸಿತು. ಫೋನು ಹಿಡಿದಿದ್ದವನೂ ಅವನೇ.

"ಅಕ್ಕ, ಇದೊಂದು ರೂಮು ತೋರ್ಸಕ್ಕಾಗಲ್ಲ. ಒಳಗೆ ಹುಳು ಇದಾವೆ. ನಾಲ್ಕನೇ ಜ್ವರ ಎದ್ದು, ಪೊರೆ ಬಿಟ್ಟು ಸೊಪ್ಪು ಮೇಯ್ತಾ ಇವೆ. ಬೇಕಾದ್ರೆ ಸದ್ದು ಕೇಳಿಸ್ತೀನಿ."

ಫೋನು ಬಾಗಿಲ ಹತ್ತಿರ ಹೋಯಿತು. ಒಳಗಿಂದ ಕರಕರ ಅನ್ನುವ ಸದ್ದು. ನಿಂತಿತು. ಮತ್ತೆ ಬಂತು. ಆಮೇಲೆ ಕುವೈತಿನಿಂದ ಶೈಸ್ತಾಳ ಮಾತು: "ಬೇಡ ಬಿಡಿ, ಬಾಗಿಲು ತೆಗೀಬೇಡಿ. ಹುಳುಗೆ ತೊಂದ್ರೆ ಆಗುತ್ತೆ. ನಮ್ಮದೂ ರೇಷ್ಮೆ ಕೆಲಸದ ಮನೇನೇ."

ನಾನು ಅವಳ ಮುಖ ನೋಡಿದೆ. ಅವಳಿಗೆ ಇನ್ನೂ ಹೊಳೆದಿರಲಿಲ್ಲ.

"ಶೈಸ್ತಾ, ನಿಮ್ಮ ಶಿಡ್ಲಘಟ್ಟದ ಮನೇಲಿ ಏನು ಕೆಲಸ?"

"ನೂಲು ಬಿಚ್ಚೋದು. ನಮ್ಮ ಅಬ್ಬಾ ಕಾಲದಿಂದಾನೂ ಅದೇ. ಮಾರ್ಕೆಟ್ಟಲ್ಲಿ ಗೂಡು ತರ್ತಾರೆ, ಬೇಯಿಸ್ತಾರೆ, ಬಿಚ್ತಾರೆ."

"ಹುಳು ಸಾಕಿದೀರಾ?"

"ಇಲ್ಲ. ಅದು ಹಳ್ಳಿಯೋರು ಮಾಡೋದು. ಹುಳು ಇರೋವಾಗ ಹೊರಗಿನವರು ಒಳಗೆ ಹೋಗಬಾರದು ಅಂತ ಅಬ್ಬಾ ಹೇಳ್ತಿದ್ರು. ಅದಕ್ಕೇ ನಾನು ಬೇಡ ಅಂದೆ."

ಇದೇ ನೋಡಿ, ಅರ್ಧ ತಿಳಿದವರು ಕೆಡುವ ರೀತಿ. ಸಿಮೆಂಟು ವ್ಯಾಪಾರದವರ ಮಗಳಾಗಿದ್ದರೆ ಬಾಗಿಲು ತೆಗಿ ಅಂತ ಹಟ ಹಿಡಿಯುತ್ತಿದ್ದಳು. ಹುಳು ಸಾಕುವವರ ಮಗಳಾಗಿದ್ದರೆ ಆ ಹೊಗೆ ನೋಡುತ್ತಲೇ ಫೋನು ಇಡುತ್ತಿದ್ದಳು. ಗೂಡು ಬಿಚ್ಚುವವರ ಮಗಳಾದ ಇವಳಿಗೆ ಒಳಗೆ ಹೋಗಬಾರದು ಅನ್ನುವಷ್ಟು ಗೊತ್ತಿತ್ತು, ಅದರಾಚೆಗೆ ಏನೂ ಗೊತ್ತಿರಲಿಲ್ಲ. ಮೋಹನ್‌ಬಾಬು ಅವಳ ಮನೆತನ ಕೇಳಿಕೊಂಡೇ ಆ ಮಾತು ಹೇಳಿದ್ದ.

"ನಾನು ಹುಳು ಮನೇಲಿ ಬೆಳೆದೋಳು," ಅಂದೆ. "ಹುಳು ಇದ್ದಷ್ಟು ದಿನ ನಮ್ಮಮ್ಮ ದೇವರಿಗೂ ಊದುಬತ್ತಿ ಹಚ್ತಿರಲಿಲ್ಲ. ಒಗ್ಗರಣೆ ಹೊಗೆಗೂ ಹೆದರೋಳು. ಹೊಗೆ ತಾಗಿದ್ರೆ ಹುಳು ಮೇವು ಬಿಡುತ್ತೆ. ಇವನು ಬಾಗಿಲ ಮುಂದೇನೇ ಒಂದು ಕಟ್ಟು ಹಚ್ಚಿದಾನೆ."

"ಅಂದ್ರೆ ಹುಳು ಇರಲಿಲ್ವಾ?"

"ಹುಳು ಮೇಯೋ ಸದ್ದು ಸೋನೆ ಮಳೆ ಥರ, ಒಂದೇ ಸಮನೆ ಬರುತ್ತೆ. ಹಿಂಗೆ ನಿಂತು ನಿಂತು ಬರಲ್ಲ."

ಹಿಂದಿನ ಕೋಣೆಯ ಬಾಗಿಲು ತೆರೆದೇ ಇತ್ತು. ಒಳಮೈಯ ಗೀರುಗಳು ನಮ್ಮ ಕಡೆಗೇ ಇದ್ದವು. ಊದುಬತ್ತಿ ಹಚ್ಚಿದ್ದು ಭಕ್ತಿಗಲ್ಲ, ಒಳಗಿನ ವಾಸನೆ ಮುಚ್ಚುವುದಕ್ಕೆ ಇದ್ದೀತು ಅನ್ನಿಸಿತು. ಶೈಸ್ತಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ನಾನೇ ಬೇಡ ಅಂದೆ," ಅಂದಳು. "ತೆಗೀಬೇಡಿ ಅಂತ ನಾನೇ ಹೇಳ್ದೆ."

*

ಆ ಮನೆಯಿರುವ ಕಳವಾರದಲ್ಲಿ ಬೆಟ್ಟ ಹತ್ತುವವರಿಗೆ ಟೀ ಮಾರುವ ಅಮ್ಮಾಜಮ್ಮನಿಗೆ ಇಡೀ ಊರಿನ ವಿಷಯ ಗೊತ್ತು. ಆದರೆ ಅವಳ ಬಾಯಿ ಬಿಡಿಸುವುದು ಬೆಟ್ಟ ಹತ್ತುವುದಕ್ಕಿಂತ ಕಷ್ಟ. ನಾನು ಎರಡು ಸಲ ಬರಿಗೈಯಲ್ಲಿ ವಾಪಸಾಗಿದ್ದೆ. ಈ ಸಲ ಶೈಸ್ತಾಳನ್ನೂ ಕರೆದುಕೊಂಡು ಹೋಗಿ ಹಸಿರು ಬಳೆಚೂರನ್ನು ಟೀ ಲೋಟದ ಪಕ್ಕದಲ್ಲಿಟ್ಟೆ.

ಅವಳು ಅದನ್ನು ಮುಟ್ಟಲಿಲ್ಲ. ಸೆರಗಿನಿಂದ ಕಣ್ಣೊತ್ತಿಕೊಂಡಳು.

"ಶ್ಯಾಮಲಮ್ಮಂದು," ಅಂದಳು. "ಗಂಡ ಸತ್ತ ಮೇಲೂ ಹಸಿರು ಬಳೆ ತೆಗೀಲಿಲ್ಲ ಅವಳು. ಆ ಮನೆ ಅವಳದೇ. ಗಂಡ ನರಸಿಂಹಪ್ಪ ಸಾಯೋಕೆ ಮುಂಚೆ ಅವಳ ಹೆಸರಿಗೆ ಮಾಡಿಟ್ಟಿದ್ದ. ಮಕ್ಕಳಿಲ್ಲ. ಮೈದುನನ ಮಗ ಈ ಮೋಹನ್‌ಬಾಬು, ದೊಡ್ಡಮ್ಮನ್ನ ನೋಡ್ಕೊತೀನಿ ಅಂತ ಬಂದು ಕೂತ. ಮನೆ ಮಾರಲ್ಲ ಅಂದ್ಲು ಅಂತ ಕೂಡಿ ಹಾಕ್ದ. ನಮಗೆಲ್ಲ ತಲೆ ಕೆಟ್ಟಿದೆ, ಕಚ್ತಾಳೆ ಅಂತ ಹೇಳಿದ್ದ."

"ನೀವು ನಂಬಿದ್ರಾ?"

"ನಂಬಿದ್ವೋ ಇಲ್ವೋ, ಸುಮ್ನಿದ್ವಿ ಕಣಮ್ಮ." ಅವಳು ಒಲೆಯ ಉರಿ ಸಣ್ಣ ಮಾಡಿದಳು. "ಮನೆ ಮಾರಿದ ವಾರದಲ್ಲೇ ಕಾರಲ್ಲಿ ಕೂರಿಸ್ಕೊಂಡು ಹೋದ. ವಿದುರಾಶ್ವತ್ಥದಲ್ಲಿ ನಾಗರಕಲ್ಲು ಹಾಕಿಸ್ಬೇಕು ಅಂತ. ವಾಪಸ್ಸು ಒಬ್ನೇ ಬಂದ. ಎಲ್ಲೋ ನಿಮ್ಮ ದೊಡ್ಡಮ್ಮ ಅಂದ್ರೆ, ಹಿಂದೂಪುರದ ನೆಂಟರ ಮನೇಲಿ ಬಿಟ್ಟೆ ಅಂದ. ಹಿಂದೂಪುರದಲ್ಲಿ ಆಯಮ್ಮಂಗೆ ಯಾವ ನೆಂಟರೂ ಇಲ್ಲ."

"ಮನೆ ಪತ್ರಕ್ಕೆ ಸಹಿ ಹಾಕಿದ್ದು ಅವರೇನಾ?"

ಅಮ್ಮಾಜಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಅವಳಿಗೆ ಸಹಿ ಎಲ್ಲಿ ಬರುತ್ತೆ. ಹೆಬ್ಬೆಟ್ಟು."

ಶೈಸ್ತಾ ಅಲ್ಲೇ ನಿಂತು ತಮ್ಮ ವಾಸಿಫ್‌ಗೆ ಫೋನು ಮಾಡಿದಳು. ಅವಳ ಪರವಾಗಿ ನೋಂದಣಿಗೆ ಹೋಗಿ ಬಂದವನು ಅವನೇ. ದನಿ ನನಗೂ ಕೇಳಿಸುವ ಹಾಗೆ ಇಟ್ಟಳು.

"ಆ ಅಜ್ಜಿನಾ ಆಪಾ? ಕೆಮ್ಮು ಅಂತ ಮಾಸ್ಕ್ ಹಾಕಿತ್ತು. ತಲೆ ಮೇಲೆ ಸೆರಗು. ಮುಖ ಸರಿಯಾಗಿ ಕಾಣ್ಲಿಲ್ಲ. ಸಹಿ ಮಾತ್ರ ಸರ್ರಂತ ಹಾಕ್ತು, ನನಗಿಂತ ಚೆನ್ನಾಗಿ. ಯಾಕೆ ಆಪಾ, ಏನಾದ್ರೂ ಹೆಚ್ಚುಕಮ್ಮಿ ಆಯ್ತಾ?"

ಶೈಸ್ತಾ ಫೋನು ಕೆಳಗಿಳಿಸಿದಳು. ಕುವೈತಿನ ಆಸ್ಪತ್ರೆಯಲ್ಲಿ ರೋಗಿಗಳನ್ನು ಎತ್ತಿ ಮಲಗಿಸಿ ಅವಳ ಸೊಂಟ ಹೋಗಿತ್ತು. ವೀಸಾ ಮುಗಿದಿತ್ತು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಹೋದ ಮೇಲೆ ಮಗಳು ಸಾಬ್ರೀನ್ ಬೆಳೆದದ್ದು ವಾಸಿಫನ ಮನೆಯ ನಡುಮನೆಯಲ್ಲಿ, ಯಾರಾದರೂ ಬಂದರೆ ಹಾಸಿಗೆ ಸುತ್ತಿಕೊಂಡು ಏಳುತ್ತ. ಈ ಮನೆಯಲ್ಲಿ ಬೆಟ್ಟಕ್ಕೆ ಬರುವವರನ್ನು ಇಳಿಸಿಕೊಂಡು, ತಾಯಿ ಮಗಳು ಅಡುಗೆ ಮಾಡಿ ಹಾಕಿ ಬದುಕುವುದು ಅಂತ ಅವಳ ಲೆಕ್ಕ. ಇನ್ನೊಂದು ಮನೆ ಕೊಳ್ಳುವ ಶಕ್ತಿ ಅವಳಿಗೆ ಈ ಜನ್ಮದಲ್ಲಿ ಬರುವುದಿಲ್ಲ.

*

ಚಿಕ್ಕಬಳ್ಳಾಪುರದ ಆಫೀಸಿನಲ್ಲಿ ಮೋಹನ್‌ಬಾಬು ನಮ್ಮನ್ನು ಮದುವೆಗೆ ಬಂದ ಬೀಗರ ಹಾಗೆ ಬರಮಾಡಿಕೊಂಡ. ಗೋಡೆ ತುಂಬ ಬಣ್ಣ ಬಣ್ಣದ ಸೈಟುಗಳ ನಕ್ಷೆ. ಎಲ್ಲ ಸೈಟಿಗೂ ಒಂದೊಂದು ಹಸಿರು ಮರ ಬರೆಸಿದ್ದ. ಮರಕ್ಕೇನು, ಕಾಗದದ ಮೇಲೆ ನೀರು ಕೇಳುವುದಿಲ್ಲ.

"ಏಮ್ ಮೇಡಂ, ದೂರ ಬಂದ್ಬಿಟ್ರಿ. ಕಾಫಿ ತರಿಸ್ಲಾ?"

ನಾನು ಶೈಸ್ತಾಳ ಫೋನನ್ನು ಅವನ ಮುಂದಿಟ್ಟೆ. "ಹುಳು ಮನೇಲಿ ಊದುಬತ್ತಿ ಹಚ್ಚೋರನ್ನ ನಾನು ನೋಡಿರಲಿಲ್ಲ. ಅದಕ್ಕೇ ಬಂದೆ."

ಅವನು ಚಿತ್ರ ನೋಡಿದ. ನಕ್ಕ. ಅಷ್ಟರಲ್ಲಿ ಕಾಫಿ ಬಂತು.

"ಹುಳು ಮನೆಯೋರು ಅಂತ ಗೊತ್ತಾಗ್ಲಿಲ್ಲ ನೋಡಿ ನೀವು."

"ಶ್ಯಾಮಲಮ್ಮ ಎಲ್ಲಿ?"

"ನೆಂಟರ ಮನೇಲಿ."

"ವಿದುರಾಶ್ವತ್ಥದಲ್ಲಿ ನಾಗರಕಲ್ಲು ಹಾಕಿಸಿದ್ರಂತೆ. ಯಾವ ಪಾಪಕ್ಕೆ?"

ಅವನ ಕೈಯಲ್ಲಿದ್ದ ಲೋಟ ತುಟಿಗೆ ಹೋಗದೆ ಅರ್ಧದಲ್ಲೇ ನಿಂತಿತು. ಅವನು ಹೆದರಿದ ಅಂತ ನನಗೆ ಖುಷಿಯಾಯಿತು. ಎದುರಾಳಿಗೆ ನಮ್ಮ ಕೈಯ ಇಸ್ಪೀಟೆಲೆ ತೋರಿಸಿ ಖುಷಿಪಡುವ ಪೆದ್ದಿ ನಾನು ಅಂತ ಆಮೇಲೆ ಗೊತ್ತಾಯಿತು.

ಅವನು ಲೋಟ ಕೆಳಗಿಟ್ಟು ನನ್ನನ್ನು ಬಿಟ್ಟು ಶೈಸ್ತಾಳ ಕಡೆ ತಿರುಗಿದ. ಅವನ ಮಾತು ಮೆತ್ತಗಾಯಿತು.

"ಶೈಸ್ತಕ್ಕ, ನಾನು ನಿಮಗೆ ಮೋಸ ಮಾಡಿದೀನಾ? ಮನೆ ತೋರಿಸ್ದೆ, ಅದೇ ಮನೆ ಕೊಟ್ಟೆ. ಎಷ್ಟೋ ಜನ ಫಾರಿನ್ನಲ್ಲಿ ಕೂತು ಇಲ್ಲದ ಸೈಟಿಗೆ ದುಡ್ಡು ಕಟ್ಟಿ ಬಂದು ಎದೆ ಬಡ್ಕೊಂತಾರೆ. ನಿಮಗೆ ಗೋಡೆ ಇದೆ, ಸೂರಿದೆ, ಬೀಗದ ಕೈ ನಿಮ್ಮ ಹತ್ರ ಇದೆ."

ಶೈಸ್ತಾ ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದಳು. ಅವನು ನಿಲ್ಲಿಸಲಿಲ್ಲ.

"ಈಗ ಈ ಮೇಡಂ ನಮ್ಮ ದೊಡ್ಡಮ್ಮನ್ನ ಹುಡುಕಿ ತರ್ತಾರೆ ಅಂತ ಇಟ್ಕೊಳಿ. ದೊಡ್ಡಮ್ಮ ಕೋರ್ಟಲ್ಲಿ ನಿಂತು, ನಾನು ಮಾರಿಲ್ಲ, ಸಹಿ ನಂದಲ್ಲ ಅಂತಾರೆ. ನನ್ಮೇಲೆ ಕೇಸಾಗುತ್ತೆ. ಆಗ್ಲಿ. ಒಳಗೆ ಹೋಗಿ ಜಾಮೀನು ತಗೊಂಡು ಬರ್ತೀನಿ. ನಿಮ್ಮ ಪತ್ರ ಏನಾಗುತ್ತೆ ಅಕ್ಕ? ಕಡ್ಲೆಕಾಯಿ ಪೊಟ್ಟಣ ಕಟ್ಟಬೇಕು."

"ಇವರ ದುಡ್ಡು?" ಅಂದೆ.

"ಟೊಮ್ಯಾಟೊ ಮೇಲೆ ಹಾಕ್ದೆ ಮೇಡಂ. ನೀವು ಚಿಂತಾಮಣಿಯೋರು, ನಿಮಗೆ ಗೊತ್ತಿಲ್ವಾ. ಮಂಡಿಗೆ ತಂದ ಮಾಲನ್ನ ರೋಡ್ ಪಕ್ಕ ಸುರಿದು ಬಂದೆ. ನನ್ನ ಮೈ ಹಿಂಡಿದ್ರೂ ಒಂದು ಕಾಸು ಬರಲ್ಲ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಅದೇ ನನಗೆ ಅಸಹ್ಯವಾದದ್ದು. ಚಿಂತಾಮಣಿಯ ವಕೀಲರೊಬ್ಬರು ಬೆಳಿಗ್ಗೆ ನನಗೆ ಹೇಳಿದ್ದೂ ಇದೇ. ಮಾರುವ ಹಕ್ಕೇ ಇಲ್ಲದವನಿಂದ ಕೊಂಡವರಿಗೆ ಮನೆ ನಿಲ್ಲುವುದಿಲ್ಲ. ಶೈಸ್ತಾಳಿಗೆ ಆ ಮಾತನ್ನು ಹೇಗೆ ಹೇಳುವುದು ಅಂತ ನಾನು ದಾರಿಯುದ್ದಕ್ಕೂ ಬಾಯಿ ಹೊಲಿದುಕೊಂಡಿದ್ದೆ. ಇವನು ಕಾಫಿ ಕೊಡುತ್ತ ಹೇಳಿಬಿಟ್ಟ.

"ಹುಡುಕೋದು ಬಿಟ್ಬಿಡಿ ಅಕ್ಕ," ಅಂದ. "ಆಯಮ್ಮ ಸಿಗದೆ ಇರೋದು ನನಗೆ ಎಷ್ಟು ಒಳ್ಳೇದೋ, ನಿಮಗೂ ಅಷ್ಟೇ ಒಳ್ಳೇದು. ಈಗ ನಾವಿಬ್ರೂ ಒಂದೇ ಮನೆಯೋರು."

ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಶೈಸ್ತಾ ಎದ್ದು ಫೋನು ತೆಗೆದುಕೊಂಡು ಹೊರಗೆ ನಡೆದಳು. ಅವಳ ಕಾಫಿ ಹಾಗೇ ಇತ್ತು.

*

ವಿದುರಾಶ್ವತ್ಥದ ದಾರಿ ಹಿಡಿದು ಮಂಚೇನಹಳ್ಳಿ ದಾಟಿದೆವು. ಆಮೇಲೆ ನಾನು ಕಾರನ್ನು ಒಂದು ಹುಣಸೆಮರದ ಕೆಳಗೆ ನಿಲ್ಲಿಸಿದೆ.

"ನೀನು ಹೇಳಿದ್ರೆ ತಿರುಗಿಸ್ತೀನಿ," ಅಂದೆ. "ದುಡಿದು ಕೊಂಡೋಳು ನೀನು. ನಾನು ನಿನ್ನ ಕೆಲಸಕ್ಕೆ ಬಂದಿರೋಳು. ಆಯಮ್ಮ ಸಿಕ್ಕಿದ್ರೆ ಮನೆ ಹೋಗುತ್ತೆ ಶೈಸ್ತಾ. ಆ ಕಳ್ಳ ಹೇಳಿದ್ದು ನಿಜ."

"ಗೊತ್ತಾಯ್ತು ಅಕ್ಕ."

"ಮತ್ತೆ?"

ಅವಳು ಕಿಟಕಿಯ ಗಾಜು ಇಳಿಸಿದಳು. "ಬದುಕಿದಾರೆ ಅಂತ ಒಂದು ಸಲ ಕಣ್ಣಲ್ಲಿ ನೋಡಿದ್ರೆ ಸಾಕು. ದಿನಾ ರಾತ್ರಿ ಆ ರೂಮಲ್ಲಿ ಯಾರೋ ಸತ್ತಿದಾರೆ ಅಂತ ಅನ್ನಿಸುತ್ತೆ. ಬದುಕಿದಾರೆ ಅಂತ ಗೊತ್ತಾದ್ರೆ ನನಗೆ ನಿದ್ದೆ ಬರುತ್ತೆ. ಅಷ್ಟೇ. ಮಾತಾಡ್ಸೋದು ಬೇಡ. ದೂರದಿಂದ ನೋಡಿ ಬಂದ್ಬಿಡಣ."

ದೂರದಿಂದ ನೋಡಿ ಬರುವ ಸತ್ಯ ಎಲ್ಲಿದೆ. ಆದರೂ ನಾನು ಕಾರು ಮುಂದಕ್ಕೆ ಬಿಟ್ಟೆ. ನನಗೂ ಆ ಹೆಂಗಸು ಬದುಕಿರಬೇಕಿತ್ತು.

ವಿದುರಾಶ್ವತ್ಥದಲ್ಲಿ ಸಾವಿರಾರು ನಾಗರಕಲ್ಲುಗಳ ನಡುವೆ ಹುಡುಕುವ ಕಷ್ಟ ಬೀಳಲಿಲ್ಲ. ದೇವಸ್ಥಾನದ ಮುಂದೆ ಹೂವು ಮಾರುವ ಹೆಂಗಸು ಕೇಳಿದ ತಕ್ಷಣ ಹೇಳಿದಳು. "ಹಸಿರು ಬಳೆ ಅಜ್ಜಿನಾ? ಕಲ್ಲು ಹಾಕಿಸಕ್ಕೆ ಬಂದೋನು ಅಶ್ವತ್ಥಕಟ್ಟೆ ಮೇಲೆ ಕೂರಿಸಿ, ನೀರು ತರ್ತೀನಿ ಅಂತ ಹೋದ. ಎರಡು ದಿನ ಅಲ್ಲೇ ಕೂತಿತ್ತು. ಆಮೇಲೆ ಕವಿತಮ್ಮ ಬಂದು ಅವರ ಧಾಮಕ್ಕೆ ಕರ್ಕೊಂಡೋದ್ರು."

ಶೈಸ್ತಾ ಕಟ್ಟೆಯ ಅಂಚಿಗೆ ಕೂತುಬಿಟ್ಟಳು. "ಬದುಕಿದಾರೆ," ಅಂದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಆಗಲೇ. ಅದು ಸಮಾಧಾನದ ಅಳುವೋ, ಮನೆ ಹೋಯಿತು ಅನ್ನುವ ಅಳುವೋ, ಅವಳಿಗೂ ಗೊತ್ತಿತ್ತೋ ಇಲ್ಲವೋ.

*

ಆಶ್ರಯಧಾಮ ಅಂದರೆ ಗೌರಿಬಿದನೂರಿನ ದಾರಿಯಲ್ಲಿ ಒಂದು ಉದ್ದನೆಯ ಶೀಟಿನ ಮನೆ. ಒಂದು ಕಾಲಕ್ಕೆ ಕೋಳಿ ಸಾಕುತ್ತಿದ್ದ ಶೆಡ್ಡು. ಸಾಲಾಗಿ ಮಂಚಗಳು, ತೊಳೆದು ಒಣಹಾಕಿದ ಸೀರೆಗಳು. ನಡೆಸುವ ಕವಿತ ಸಣ್ಣಗಿನ ಹೆಂಗಸು. ಮಾತು ಕಡಿಮೆ, ಕೆಲಸ ಜಾಸ್ತಿ.

"ಶ್ಯಾಮಲಮ್ಮ ಅಂತಾನಾ?" ಅಂದಳು. "ಇವತ್ತೇ ಹೆಸರು ಗೊತ್ತಾಗಿದ್ದು. ಇಷ್ಟು ದಿನ ಆಯಮ್ಮ ಬಾಯೇ ಬಿಟ್ಟಿಲ್ಲ. ಬಾಗಿಲು ಹಾಕಿದ್ರೆ ಮಾತ್ರ ಕೂಗಾಡೋದು. ಅದಕ್ಕೇ ಆ ತುದಿ ಬಾಗಿಲು ತೆಗೆದೇ ಇಟ್ಟಿರ್ತೀವಿ."

"ಇವತ್ತು ಹೆಸರು ಹೇಳಿದ್ಯಾರು?"

"ಅವರ ಮೈದುನನ ಮಗ ಅಂತೆ. ಈಗ ಸ್ವಲ್ಪ ಹೊತ್ತಿನ ಮುಂಚೆ ಫೋನ್ ಮಾಡಿದ್ರು. ದೊಡ್ಡಮ್ಮ ತಪ್ಪಿಸ್ಕೊಂಡಿದ್ರು, ಆಧಾರ್ ಕಾರ್ಡ್ ತರ್ತೀನಿ, ಕರ್ಕೊಂಡು ಹೋಗ್ತೀನಿ ಅಂದ್ರು. ಹೊರಟಿದಾರೆ."

ನಾಗರಕಲ್ಲಿನ ಮಾತು ಎತ್ತಿದ್ದಕ್ಕೆ ನನ್ನನ್ನೇ ನಾನು ಶಪಿಸಿಕೊಂಡೆ. ಅವನಿಗೆ ಇಷ್ಟು ದಿನ ಇವಳು ಎಲ್ಲಿದ್ದಾಳೆಂದು ಗೊತ್ತಿತ್ತು. ಯಾರೂ ಕೇಳದೆ ಇದ್ದದ್ದರಿಂದ ಇರಲಿ ಅಂತ ಬಿಟ್ಟಿದ್ದ. ಈಗ ಕೇಳುವವರು ಬಂದಿದ್ದಾರೆ. ಈ ಸಲ ಕರೆದುಕೊಂಡು ಹೋದರೆ ದೇವಸ್ಥಾನದ ಕಟ್ಟೆಯ ಮೇಲೆ ಕೂರಿಸಿ ಬರುವವನಲ್ಲ.

"ಕಳಿಸ್ಬೇಡಿ," ಅಂದೆ. "ಆ ಮನುಷ್ಯ ಈಯಮ್ಮನ್ನ ಕೋಣೇಲಿ ಕೂಡಿ ಹಾಕಿದ್ದ. ಮನೆ ಮಾರ್ಕೊಂಡು ಇಲ್ಲಿ ಬಿಟ್ಟು ಹೋದ."

ಕವಿತ ನನ್ನನ್ನೇ ನೋಡಿದಳು. ಆ ಮಾತು ಅವಳಿಗೆ ಹೊಸದಲ್ಲ ಅಂತ ಕಾಣುತ್ತದೆ. "ನಾನು ನಂಬ್ತೀನಿ ಮೇಡಂ. ಆದ್ರೆ ಅವರು ಕಾರ್ಡ್ ತಂದು ನಿಂತ್ರೆ ನಾನು ಏನಂತ ತಡೀಲಿ? ಮನೆಯೋರು ಬಂದ್ರೆ ಕಳಿಸಲೇಬೇಕು. ಕೂಡಿ ಹಾಕಿದ್ದನ್ನ ನೋಡಿದೋರು, ಕೇಳಿದೋರು ಒಬ್ಬರು ಹೇಳಿದ್ರೂ ಸಾಕು, ಈಗ್ಲೇ ಸ್ಟೇಷನ್ನಿಗೆ ಫೋನ್ ಮಾಡಿ ಗೇಟು ಹಾಕಿಸ್ತೀನಿ. ಯಾರಿದಾರೆ?"

ಅಮ್ಮಾಜಮ್ಮ ಊರಲ್ಲಿ ಬಾಳಬೇಕಾದವಳು, ಬಂದು ಹೇಳುವುದಿಲ್ಲ. ನಾನು ಶೈಸ್ತಾಳ ಕಡೆ ನೋಡಿದೆ. ಕವಿತಳೂ ನೋಡಿದಳು. ಶೈಸ್ತಾಳ ಕೈಯಲ್ಲಿ ಫೋನು ಇತ್ತು. ಫೋನಿನಲ್ಲಿ ಆ ವಿಡಿಯೊ ಇತ್ತು.

ಶೈಸ್ತಾ ಮಂಚಗಳ ಸಾಲಿನ ಕೊನೆಗೆ ನೋಡಿದಳು. ತೆರೆದ ಬಾಗಿಲ ಪಕ್ಕದ ಮಂಚದಲ್ಲಿ ಒಬ್ಬ ಮುದುಕಿ ಕೂತಿದ್ದಳು. ಕೈಬೆರಳುಗಳು ಮಡಿಲಲ್ಲಿದ್ದವು. ಕೆಲವಕ್ಕೆ ಉಗುರು ಇನ್ನೂ ಸರಿಯಾಗಿ ಬಂದಿರಲಿಲ್ಲ.

"ನಿಮ್ಮನ್ನೇ ಕೇಳಿದ್ದಮ್ಮ," ಅಂದಳು ಕವಿತ. "ನಿಮಗೇನಾದ್ರೂ ಗೊತ್ತಾ?"

"ಇಲ್ಲ," ಅಂದಳು ಶೈಸ್ತಾ. "ನಾನು ಕೇಳಿದ್ದು ಹುಳು ಸದ್ದು. ಒಳಗೆ ಹುಳು ಇತ್ತು."

ನನಗೆ ಅವಳ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆ ನಡುಮನೆ, ಸುತ್ತಿಟ್ಟ ಹಾಸಿಗೆ, ಸಾಬ್ರೀನ್, ಎಲ್ಲ ಕಣ್ಣ ಮುಂದೆ ಬಂತು. ಅವಳ ಕೈಯಿಂದ ಫೋನು ಕಿತ್ತುಕೊಳ್ಳಬಹುದಿತ್ತು. ಕಿತ್ತುಕೊಂಡರೆ ಅವಳ ಮನೆಯನ್ನು ನನ್ನ ಕೈಯಾರೆ ಕಿತ್ತುಕೊಂಡ ಹಾಗೆ. ನಾನು ಸುಮ್ಮನೆ ನಿಂತೆ.

ಹೊರಗೆ ಯಾರೋ ಕರೆದರು ಅಂತ ಕವಿತ ಗೇಟಿನ ಕಡೆ ಹೋದಳು.

ಮುದುಕಿ ತಲೆ ಎತ್ತಿದ್ದಳು. ಶೈಸ್ತಾಳನ್ನೇ ನೋಡುತ್ತಿದ್ದಳು. ಮಂಚ ಹಿಡಿದುಕೊಂಡು ಎದ್ದು, ಒಂದೊಂದೇ ಹೆಜ್ಜೆ ಇಟ್ಟು ಬಂದಳು. ಬಂದು ಶೈಸ್ತಾಳ ಕೈ ಹಿಡಿದಳು.

"ಈ ದನಿ ನಾನು ಕೇಳಿದೀನಿ," ಅಂದಳು. ಇಷ್ಟು ದಿನ ಮಾತಾಡದ ಗಂಟಲು ಒಡೆದು ಬರುತ್ತಿತ್ತು. "ಫೋನಲ್ಲಿ ಬಾಗಿಲು ತೆಗೀಬೇಡಿ ಅಂದೋಳು ನೀನೇ."

ಶೈಸ್ತಾ ಗೋಡೆಗೆ ಒರಗಿದಳು.

"ಮನೆ ಕೊಂಡೋಳು ನೀನೇ ತಾನೇ?" ಮುದುಕಿ ಬೈಯಲಿಲ್ಲ. ಇನ್ನೂ ಹತ್ತಿರ ಬಂದು, ಗುಟ್ಟು ಹೇಳುವ ಹಾಗೆ ಮಾತು ಇಳಿಸಿದಳು. "ಮನೆ ನೀನೇ ಇಟ್ಕೋ ತಲ್ಲೀ. ನಾನು ಯಾರ ಹತ್ರಾನೂ ಏನೂ ಹೇಳಲ್ಲ. ಎಲ್ಲಿ ಬೇಕಾದ್ರೂ ಹೆಬ್ಬೆಟ್ಟು ಒತ್ತಿಕೊಡ್ತೀನಿ. ಆ ಹಿಂದಿನ ರೂಮು ಒಂದು ಕೊಡು ನನಗೆ. ಬಾಗಿಲು ಮಾತ್ರ ಹಾಕ್ಬೇಡ. ಅವನ ಜೊತೆ ಕಳಿಸ್ಬೇಡ."

ನಾನು ಕೇಳಿಸಿಕೊಂಡೆ. ಮನೆಯೂ ಉಳಿಯುವ, ಮುದುಕಿಯೂ ಉಳಿಯುವ ದಾರಿ ಇತ್ತು. ಅದು ಬಂದದ್ದು ಶೈಸ್ತಾ ಇಲ್ಲ ಅಂದ ಮೇಲೆ.

ಕವಿತ ಗೇಟಿನಿಂದ ವಾಪಸು ಬಂದಳು. ನಾನು ಓಡಿ ಹೋಗಿ ಎದುರು ನಿಂತೆ. "ನಮ್ಮ ಜೊತೆ ಕಳಿಸಿ. ಶ್ಯಾಮಲಮ್ಮ ಇವರ ಜೊತೆ ಬರ್ತೀನಿ ಅಂತಿದಾರೆ."

"ಯಾರ ಜೊತೆ ಮೇಡಂ? ನಿಮಗೆ ಅವರು ಯಾರೂ ಅಲ್ಲ. ನಿಮ್ಮ ಜೊತೆ ಬಂದಿರೋ ಇವರೇ ನನಗೇನೂ ಗೊತ್ತಿಲ್ಲ ಅಂದ್ರು, ಈಗ್ತಾನೆ. ಗೊತ್ತು ಅನ್ನೋದಾದ್ರೆ ಸ್ಟೇಷನ್ನಲ್ಲೇ ಹೇಳ್ಬೇಕು, ಇಲ್ದಿದ್ರೆ ನಾನು ಯಾವ ಲೆಕ್ಕದಲ್ಲಿ ಕಳಿಸ್ಲಿ?"

ಅವಳ ಹಿಂದೆ ಮೋಹನ್‌ಬಾಬು ಬರುತ್ತಿದ್ದ. ಒಂದು ಕೈಯಲ್ಲಿ ಆಧಾರ್ ಕಾರ್ಡು, ಇನ್ನೊಂದು ಕೈಯಲ್ಲಿ ದ್ರಾಕ್ಷಿಯ ಕವರು. ನಮ್ಮನ್ನು ನೋಡಿ ಅವನಿಗೆ ಆಶ್ಚರ್ಯವಾಗಲಿಲ್ಲ.

"ಶೈಸ್ತಕ್ಕನೂ ಇದಾರಾ. ಒಳ್ಳೇದಾಯ್ತು," ಅಂದ. "ದೊಡ್ಡಮ್ಮ ಕೈ ಬಿಡಲ್ಲ ಅಂತ ಕಾಣುತ್ತೆ. ಸ್ವಲ್ಪ ಬಿಡಿಸಿ ಕೊಡಿ ಅಕ್ಕ, ಕಾರಿಗೆ ಹತ್ತಿಸ್ಕೋತೀನಿ."

ಶ್ಯಾಮಲಮ್ಮ ಶೈಸ್ತಾಳ ಕೈಯನ್ನು ಎರಡೂ ಕೈಯಿಂದ ಎದೆಗೊತ್ತಿಕೊಂಡಳು.

ಶೈಸ್ತಾ ನನ್ನ ಮುಖ ನೋಡಿದಳು. ಆಮೇಲೆ ತಲೆ ತಗ್ಗಿಸಿ, ಮುದುಕಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು.